ಚೊಚ್ಚಲ ಹೆರಿಗೆ ಭಯ: ಹೇಳ್ಕೊಂಡ್ರೆ "ಏನೂ ಆಗಲ್ಲ ಬಿಡು" ಅಂತಾರೆ, ಅಲ್ಲಿಗೆ ಮಾತು ಮುಗೀತು

ನಿದ್ದೆಗೆಟ್ಟವಳು (ರಾತ್ರಿ 2:40)

31ನೇ ವಾರ. ಮೊದಲನೇ ಮಗು. ಬೇಕು ಬೇಕು ಅಂತ ಕಾದು ಆದ ಬಸಿರು. ಬಿಪಿ ಸರಿ ಇದೆ, ಶುಗರ್ ಸರಿ ಇದೆ, ಸ್ಕ್ಯಾನ್ ಸರಿ ಇದೆ. ಸರಿ ಇಲ್ಲದಿರೋದು ನಾನೊಬ್ಬಳೇ.

ರಾತ್ರಿ ಎರಡಕ್ಕೆ ಅಲಾರಾಂ ಇಟ್ಟ ಹಾಗೆ ಎಚ್ಚರ ಆಗುತ್ತೆ. ಎಡಮಗ್ಗುಲಿಗೆ ಹೊರಳಿ, ಹೊಟ್ಟೆ ಮೇಲೆ ಕೈ ಇಟ್ಕೊಂಡು ಮಗು ಒದೆಯೋದನ್ನೇ ಕಾಯ್ತೀನಿ. ಒದ್ದರೆ "ಯಾಕೆ ಇಷ್ಟೊಂದು ಒದೀತಿದೆ?" ಸುಮ್ಮನಿದ್ರೆ "ಯಾಕೆ ಸುಮ್ಮನಿದೆ?" ಮನೇಲೇ ಎದೆಬಡಿತ ಕೇಳೋ ಪುಟ್ಟ ಡಾಪ್ಲರ್ ಒಂದು ತರಿಸಿದೀನಿ, ದಿನಕ್ಕೆ ನಾಲ್ಕು ಸಲ ಅದನ್ನ ಹಚ್ಚಿಕೊಂಡು ಕೂರ್ತೀನಿ. ಅದಾದ ಮೇಲೆ ಫೋನು. ಹೆರಿಗೆಯಲ್ಲಿ ಹೀಗಾಯ್ತು, ಹಾಗಾಯ್ತು ಅನ್ನೋದನ್ನೆಲ್ಲ ಹುಡುಕಿ ಹುಡುಕಿ ಓದೋದು. ಬೆಳಕು ಹರಿಯೋ ಹೊತ್ತಿಗೆ ಕೈಕಾಲು ತಣ್ಣಗೆ, ಎದೆ ಡವಡವ.

ಆಸ್ಪತ್ರೆಗೆ ಒಯ್ಯೋ ಬ್ಯಾಗು ಅರ್ಧ ತುಂಬಿ ಮೂಲೆಯಲ್ಲಿದೆ. ಕಣ್ಣಿಗೆ ಬೀಳದಿರಲಿ ಅಂತ ಅದರ ಮೇಲೊಂದು ಟವೆಲ್ ಹೊದಿಸಿದೀನಿ.

ಅಮ್ಮ, ಅತ್ತೆ, ಗಂಡ, ಗೆಳತಿಯರು, ಯಾರಿಗೆ ಹೇಳಿದ್ರೂ ಒಂದೇ ಉತ್ತರ: "ಏನೂ ಆಗಲ್ಲ, ಧೈರ್ಯವಾಗಿರು." ಆ ಮಾತು ಬಂತು ಅಂದ್ರೆ ನಾನು ಬಾಯಿ ಮುಚ್ಚಬೇಕು ಅಂತ ಅರ್ಥ. ನಿಮಗೂ ಹೀಗಾಗಿತ್ತಾ? ಇದು ಹೋಗುತ್ತಾ? ಇಲ್ಲ ನನಗೇ ಏನಾದ್ರೂ ಆಗಿದೆಯಾ?

ಎರಡು ಮಕ್ಕಳ ಅಮ್ಮ

ಅಯ್ಯೋ, ಎಲ್ಲರಿಗೂ ಇರೋದೇ ಕಣಮ್ಮ. ಮಗು ಮುಖ ನೋಡಿದ ತಕ್ಷಣ ಎಲ್ಲ ಮರೆತುಹೋಗುತ್ತೆ. ನೀನು ಟೆನ್ಶನ್ ಮಾಡ್ಕೊಂಡ್ರೆ ಮಗುಗೂ ತಟ್ಟುತ್ತೆ, ಅದನ್ನ ನೆನಪಿಟ್ಕೋ. ಖುಷಿಯಾಗಿರು.

ನಿದ್ದೆಗೆಟ್ಟವಳು

ಅಕ್ಕ, ನಿಮ್ಮ ಮನಸ್ಸು ಒಳ್ಳೇದು ಅಂತ ಗೊತ್ತು. ಆದ್ರೆ "ಮಗುಗೆ ತಟ್ಟುತ್ತೆ" ಅಂತ ಓದಿದ ಕೂಡಲೇ ಹೊಸ ಭಯ ಒಂದು ಶುರುವಾಯ್ತು. ಈಗ ಹೆದರಿಕೆ ಆದ್ರೆ, ಹೆದರ್ತಿದೀನಲ್ಲಾ ಅಂತ ಇನ್ನೊಂದು ಹೆದರಿಕೆ.

ರಾತ್ರಿಪಾಳಿ

ಹೆರಿಗೆ ಕೋಣೆಯಲ್ಲಿ ಹದಿನೇಳು ವರ್ಷದಿಂದ ಕೆಲಸ ಮಾಡೋ ಮಿಡ್‌ವೈಫ್ ನಾನು. ಮೊದಲು ಆ ಹೊಸ ಭಯವನ್ನ ತೆಗೆದುಬಿಡೋಣ. ಒಂದು ಕೆಟ್ಟ ರಾತ್ರಿ, ಒಂದು ವಾರದ ಅಳು, ಇದರಿಂದ ಮಗು ಹಾಳಾಗಲ್ಲ. ತಿಂಗಳುಗಟ್ಟಲೆ ತೀವ್ರವಾಗಿರೋ ಆತಂಕಕ್ಕೆ ಚಿಕಿತ್ಸೆ ಬೇಕು ಅನ್ನೋದು ನಿಜ. ಅದು ಮೊದಲು ನಿಮಗಾಗಿ ಬೇಕು. ಮಗುವನ್ನ ತೋರಿಸಿ ಬಸುರಿಯನ್ನ ಸುಮ್ಮನಾಗಿಸೋದು ನನಗೆ ಸ್ವಲ್ಪವೂ ಹಿಡಿಸಲ್ಲ.

ಈಗ ಒಂದು ಪ್ರಶ್ನೆ. "ಹೆರಿಗೆ ಭಯ" ಅಂತೀರಲ್ಲ, ಅದರಲ್ಲಿ ಯಾವ ಭಯ? ನಾನು ನೋಡಿದ ಹಾಗೆ ಒಬ್ಬರಿಗೆ ನೋವು, ಒಬ್ಬರಿಗೆ ಸೂಜಿ, ಒಬ್ಬರಿಗೆ ಹೊಲಿಗೆ, ಇನ್ನೊಬ್ಬರಿಗೆ ಸಾವು, ಮತ್ತೊಬ್ಬರಿಗೆ ಗುರುತಿಲ್ಲದವರ ಮುಂದೆ ಬಟ್ಟೆ ಇಲ್ಲದೆ ಮಲಗೋದು. ಎಲ್ಲಕ್ಕೂ ಹೆಸರು ಒಂದೇ, ಉತ್ತರ ಮಾತ್ರ ಬೇರೆ ಬೇರೆ. ಒಂದು ಕಾಗದ ತಗೊಂಡು ಬರೆದು ನೋಡಿ. ನಾಚಿಕೆ ಆಗೋವಂಥದ್ದನ್ನ ಮೊದಲು ಬರೀರಿ.

ನಿದ್ದೆಗೆಟ್ಟವಳು (ಬೆಳಿಗ್ಗೆ 6:15)

ಬರೆದೆ. ಹೊಟ್ಟೆಯೊಳಗೇ ಮಗುಗೆ ಏನಾದ್ರೂ ಆಗಿ ನನಗೆ ಗೊತ್ತೇ ಆಗದಿದ್ರೆ? ಇದು ದೊಡ್ಡದು. ಆಮೇಲೆ ನೋವು, ಅದೂ ಎಷ್ಟು ಹೊತ್ತು ಅಂತ ಗೊತ್ತಿಲ್ಲದ ನೋವು. ಆಮೇಲೆ ಹೆರೋವಾಗ ಕೆಳಗಿನ ಚರ್ಮ ಹರಿಯೋದು. ಆಸ್ಪತ್ರೆ ತಲುಪೋಕೆ ಮುಂಚೆ ದಾರೀಲೇ ಹೆರಿಗೆ ಆಗಿಬಿಟ್ರೆ? ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸೋಕೆ ಬೆನ್ನಿಗೆ ಕೊಡೋ ಚುಚ್ಚುಮದ್ದು) ತಗೊಂಡ್ರೆ ಜೀವನಪೂರ್ತಿ ಬೆನ್ನುನೋವು ಅಂತಾರೆ, ಅದು. ಮತ್ತೆ ನಾಚಿಕೆದು: ನಾನು ಜೋರಾಗಿ ಕಿರುಚಿ, ಅಲ್ಲೇ ಮಲ ಮಾಡ್ಕೊಂಡು, ಎಲ್ಲರ ಮುಂದೆ ಮಾನ ಕಳ್ಕೋತೀನಿ ಅಂತ.

ಬರೆದಾಗ ಆರೇ ಇತ್ತು. ತಲೆಯೊಳಗೆ ಇದ್ದಾಗ ನೂರಿದ್ದ ಹಾಗಿತ್ತು.

ರಾತ್ರಿಪಾಳಿ

ಒಂದೊಂದಾಗಿ ಹೇಳ್ತೀನಿ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಮೊದಲು ಡಾಪ್ಲರ್. ಅದನ್ನ ಡ್ರಾಯರ್‌ಗೆ ಹಾಕಿ, ಆಗೋದಾದ್ರೆ ಯಾರಿಗಾದ್ರೂ ಕೊಟ್ಟುಬಿಡಿ. ತರಬೇತಿ ಇಲ್ಲದ ಕಿವಿಗೆ ಕಸಕ್ಕೆ (ಅಂದ್ರೆ ಪ್ಲಸೆಂಟಾಗೆ) ಹರಿಯೋ ರಕ್ತದ ಸದ್ದು, ನಿಮ್ಮದೇ ನಾಡಿ, ಎರಡೂ ಮಗುವಿನ ಎದೆಬಡಿತದ ಹಾಗೇ ಕೇಳಿಸುತ್ತೆ. ಚೆನ್ನಾಗಿರೋ ಮಗು ಸಿಗದೆ ನೀವು ಸುಮ್ಮನೆ ಹೆದರ್ತೀರಿ. ಅದಕ್ಕಿಂತ ಕೆಟ್ಟದ್ದು, ಮಗು ಅಲುಗಾಡ್ತಿಲ್ಲ ಅನ್ನೋ ದಿನ "ಸದ್ದು ಕೇಳಿಸ್ತಲ್ಲ" ಅಂತ ಮನೇಲೇ ಉಳಿದುಬಿಡ್ತೀರಿ. ನಂಬಬೇಕಾದ್ದು ಅಲುಗಾಟವನ್ನ. ನಿಮ್ಮ ಮಗುವಿನ ದಿನನಿತ್ಯದ ರೀತಿ ನಿಮಗೆ ಗೊತ್ತು. ಅದು ಕಡಿಮೆ ಆಯ್ತು, ಬದಲಾಯ್ತು ಅನ್ನಿಸಿದ್ರೆ ರಾತ್ರಿ ಮೂರಾಗಿದ್ರೂ ಫೋನ್ ಮಾಡಿ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. ದಿನ ತುಂಬ್ತಾ ಬಂದ ಹಾಗೆ ಮಗು ಅಲುಗಾಡೋದು ಕಡಿಮೆ ಆಗುತ್ತೆ ಅನ್ನೋದು ಸುಳ್ಳು.

ನೋವಿನ ಹೊತ್ತು. ಶುರುವಿನ ಹಂತ ನಿಧಾನ, ಬಂದು ಹೋಗಿ ಮಾಡುತ್ತೆ, ಕೆಲವರಿಗೆ ಒಂದು ದಿನಕ್ಕೂ ಹೆಚ್ಚು. ಅದರಲ್ಲಿ ಬಹುಪಾಲು ಮನೇಲೇ, ಓಡಾಡ್ಕೊಂಡು, ಮಧ್ಯೆ ಮಧ್ಯೆ ತೂಕಡಿಸ್ಕೊಂಡು ಕಳೆಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಜೋರು ಹಂತ. ಅಲ್ಲಿಂದ ಪೂರ್ತಿ 10 ಆಗೋಕೆ ಚೊಚ್ಚಲಿಗೆ ಸಾಮಾನ್ಯವಾಗಿ 12 ಗಂಟೆ ಮೀರಲ್ಲ, ಆಮೇಲೆ ಮುಕ್ಕೋದು (ಮಗುವನ್ನ ಹೊರಗೆ ತಳ್ಳೋದು) ಸಾಮಾನ್ಯವಾಗಿ 3 ಗಂಟೆಯೊಳಗೆ. ಹಿಂದೆಲ್ಲ "ಗಂಟೆಗೊಂದು ಸೆಂಟಿಮೀಟರ್ ಆಗಲೇಬೇಕು" ಅಂತ ಗಡಿಯಾರ ಹಿಡ್ಕೊಂಡು ನಿಲ್ತಿದ್ವಿ. ಆ ಲೆಕ್ಕ ಎಲ್ಲರಿಗೂ ಒಪ್ಪಲ್ಲ ಅಂತ ಅದೇ ಮಾರ್ಗಸೂಚಿಯಲ್ಲಿದೆ. ಇನ್ನೊಂದು ವಿಷಯ ಯಾರೂ ಹೇಳಲ್ಲ: ನೋವು ಅಲೆಅಲೆಯಾಗಿ ಬರುತ್ತೆ. ಜೋರಿದ್ದಾಗ ಹೆಚ್ಚುಕಮ್ಮಿ ಒಂದು ನಿಮಿಷ, ಆಮೇಲೆ ಬಿಡುವು. ಆ ಬಿಡುವಿನಲ್ಲಿ ಗೊರಕೆ ಹೊಡೆದವರನ್ನ ನಾನು ನೋಡಿದೀನಿ.

ದಾರಿಯಲ್ಲಿ ಹೆರಿಗೆ: ಚೊಚ್ಚಲಲ್ಲಿ ಅಪರೂಪ. ಐದು ನಿಮಿಷಕ್ಕೊಂದು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದ್ರೆ ಹೊರಡಿ ಅಂತ ಸಾಮಾನ್ಯವಾಗಿ ಹೇಳ್ತೀವಿ. ನೀರು ಹೋದ್ರೆ, ರಕ್ತ ಕಂಡ್ರೆ, 37 ವಾರಕ್ಕೆ ಮುಂಚೆ ನೋವು ಬಂದ್ರೆ, ತಲೆನೋವಿನ ಜೊತೆ ಕಣ್ಣು ಮಂಜಾದ್ರೆ ಈ ಲೆಕ್ಕ ಯಾವುದೂ ಬೇಡ, ಕೂಡಲೇ ಹೊರಡೋದು.

ಎಪಿಡ್ಯೂರಲ್: ಬಹುಕಾಲದ ಬೆನ್ನುನೋವಿಗೆ ಅದು ಕಾರಣ ಅಲ್ಲ. ಸಿಸೇರಿಯನ್ ಕೂಡ ಹೆಚ್ಚಾಗಲ್ಲ. ಬಿಪಿ ಇಳಿಯಬಹುದು, ಕಾಲು ಭಾರ ಆಗುತ್ತೆ, ಮುಕ್ಕೋ ಹಂತ ಸ್ವಲ್ಪ ಉದ್ದ ಆಗಬಹುದು, ನೂರರಲ್ಲಿ ಒಬ್ಬರಿಗೆ ಜೋರು ತಲೆನೋವು. ಇರೋದನ್ನ ಇದ್ದ ಹಾಗೆ ಹೇಳಿದೆ.

ಹರಿಯೋದು: ಮೊದಲ ಸಲ ಯೋನಿ ಮೂಲಕ ಹೆತ್ತವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಚೂರುಪಾರು ಹರಿಯುತ್ತೆ. ಹೆಚ್ಚಿನವು ಚಿಕ್ಕವು, ಕೆಲವಕ್ಕೆ ಹೊಲಿಗೆಯೂ ಬೇಡ. ಗುದದ್ವಾರದ ಸ್ನಾಯುವರೆಗೆ ಹೋಗೋದು ಚೊಚ್ಚಲಲ್ಲಿ ನೂರಕ್ಕೆ ಸುಮಾರು ಆರು ಜನರಿಗೆ. 35ನೇ ವಾರದಿಂದ ಆ ಭಾಗಕ್ಕೆ ದಿನಾ ಮಸಾಜ್ ಮಾಡ್ಕೊಂಡ್ರೆ, ಮುಕ್ಕೋವಾಗ ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದ್ರೆ ಅಪಾಯ ಕಡಿಮೆ ಆಗುತ್ತೆ. ಬಿಸಿಬಟ್ಟೆ ಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ. ಕೆಲವು ಕಡೆ ಕೇಳದೆ ಕೊಡಲ್ಲ.

ಆರನೆಯದಕ್ಕೆ ನನಗಿಂತ ಚೆನ್ನಾಗಿ ಉತ್ತರಿಸೋರು ಇಲ್ಲಿ ಇದ್ದೇ ಇರ್ತಾರೆ.

ಗಟ್ಟಿಗಿತ್ತಿ ಏನಲ್ಲ

ನಾ ಹೇಳ್ತೀನಿ ತಗೋರಿ. ಹೆರಿಗಿ ಹೊತ್ತಿನ್ಯಾಗ ನಾನೂ ಮಾಡ್ಕೊಂಡೆ. ನರ್ಸಬಾಯಿ ಒಂದ ಬಟ್ಟಿಲೆ ಒರಸಿ ಒಗೆದ್ಲು, ಏನೂ ಆಗೇ ಇಲ್ಲ ಅನ್ನೋಹಂಗ. ನನಗ ಗೊತ್ತಾಗಿದ್ದು ಮೂರ ದಿನ ಆದಮ್ಯಾಲೆ, ಅದೂ ನಮ್ಮ ಮನಿಯವ್ರು ಬಾಯಿ ತಪ್ಪಿ ಹೇಳಿದಾಗ. ಒಂಬತ್ತ ತಿಂಗಳು ಅದನ್ನ ನೆನಸಿ ಅಂಜಿದ್ನಲ್ಲ, ಅದಾ ಹೊತ್ತಿಗೆ ನನಗ ಸುದ್ದೀನ ಇಲ್ಲ!

ಒದರೋದು ಅಂದ್ರ, ನಾ ಹೆಂಗ ಒದರಿದ್ನೆಂದ್ರ ಬಾಜೂ ಖೋಲಿಯಾಕಿ ಮರುದಿನ ಬಂದು "ಅದು ನೀವಾ?" ಅಂತ ಕೇಳಿದ್ಲು. ಹೂಂ ಅಂದೆ. ಆಕಿ ಅಂದ್ಲು, "ನೀವು ಒದರಿದ್ದು ಕೇಳಿ ನನಗೂ ಒದರಾಕ ಧೈರ್ಯ ಬಂತ್ರೀ."

ರಾತ್ರಿಪಾಳಿ

ಮಗುವಿನ ತಲೆ ಕೆಳಗಿಳಿಯೋವಾಗ ಹಿಂದಿನ ಜಾಗ ಒತ್ತಿಹೋಗುತ್ತೆ, ಅಷ್ಟೇ ಅದರ ಕಥೆ. ನಮಗೆ ಅದು ಕಂಡ್ರೆ "ಸರಿಯಾಗಿ ಮುಕ್ತಿದಾರೆ" ಅಂತ ಸಮಾಧಾನ. ಇನ್ನು ಕೂಗು: ದವಡೆ ಬಿಗಿಹಿಡಿದು ಕೀರಲು ದನಿ ತೆಗೆಯೋದಕ್ಕಿಂತ, ದವಡೆ ಸಡಿಲಬಿಟ್ಟು ಹೊಟ್ಟೆಯಾಳದಿಂದ ದಪ್ಪ ದನಿ ತೆಗೆದ್ರೆ ಮೈ ಸಡಿಲ ಆಗುತ್ತೆ.

ನೇರ ಮಾತು

ಕ್ಷಮಿಸಿ, ಈ ಕಾಲದ ಹುಡುಗಿಯರಿಗೆ ಎಲ್ಲವೂ ದೊಡ್ಡದು. ನಮ್ಮ ಅಜ್ಜಿ ಒಂಬತ್ತು ಹೆತ್ತಳು. ಪ್ರಶ್ನಾವಳಿ, ಕೌನ್ಸೆಲಿಂಗ್ ಏನೂ ಇರಲಿಲ್ಲ. ಹೆಚ್ಚು ಓದಿದಷ್ಟೂ ಹೆಚ್ಚು ಭಯ.

ಎಂಟು ವರ್ಷದ ಮೇಲೆ

ಒಂಬತ್ತು ಹೆತ್ತು ಉಳಿದ ಅಜ್ಜಿಯ ಕಥೆ ನಮಗೆ ಸಿಕ್ಕಿದೆ. ಹೆರಿಗೆಯಲ್ಲೇ ಹೋದವರ ಕಥೆ ಹೇಳೋಕೆ ಯಾರು ಉಳಿದಿದ್ರು? ಉಳಿದ ಅಜ್ಜಿಗೂ ಭಯ ಇತ್ತೋ ಇಲ್ಲವೋ, ಯಾರಾದ್ರೂ ಒಂದು ದಿನ ಕೂತು ಕೇಳಿದ್ರಾ?

ಕೇಳುವ ಕಿವಿ

ಗರ್ಭಿಣಿಯರ, ಬಾಣಂತಿಯರ ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಆಪ್ತಸಮಾಲೋಚಕಿ ನಾನು. ಇದು "ಈ ಕಾಲದ" ಭಯ ಅಲ್ಲ. ಫ್ರಾನ್ಸಿನ ಮನೋವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲೇ, ಚೊಚ್ಚಲ ಬಸುರಿಯರನ್ನ ಗೊತ್ತಿಲ್ಲದ ನೋವಿನ ನಿರೀಕ್ಷೆ ಅಳತೆ ಮೀರಿ ಕಾಡುತ್ತೆ ಅಂತ ಬರೆದಿದ್ದಾರೆ. ಬಸಿರನ್ನೇ ತಪ್ಪಿಸೋ ಮಟ್ಟದ ತೀವ್ರ ಹೆರಿಗೆ ಭಯಕ್ಕೆ ಟೋಕೋಫೋಬಿಯಾ ಅನ್ನೋ ಹೆಸರು ವೈದ್ಯ ಸಾಹಿತ್ಯಕ್ಕೆ ಬಂದಿದ್ದು ಮಾತ್ರ 2000ರಲ್ಲಿ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದಾಗ, ನೂರಕ್ಕೆ ಸುಮಾರು 14 ಬಸುರಿಯರಲ್ಲಿ ಈ ಭಯ ತೀವ್ರವಾಗಿದೆ ಅಂತ 2017ರಲ್ಲಿ ಬಂದ ವಿಮರ್ಶೆ ಹೇಳುತ್ತೆ.

ನಿದ್ದೆಗೆಟ್ಟವಳೇ, ನೀವು ಬರೆದಿದ್ದರಲ್ಲಿ ನನಗೆ ಎರಡು ಎಳೆ ಕಾಣಿಸ್ತಿದೆ. ಒಂದು ಹೆರಿಗೆಯದ್ದು, ಅದಕ್ಕೆ ರಾತ್ರಿಪಾಳಿ ಅವರ ಉತ್ತರದಂಥ ಮಾಹಿತಿ ಮದ್ದು. ಇನ್ನೊಂದು ಎಳೆಗೆ ಮಾಹಿತಿ ಮದ್ದೇ ಅಲ್ಲ. ಡಾಪ್ಲರ್ ಹಚ್ಚೋದು, ಹುಡುಕೋದು, "ಏನೂ ಆಗಲ್ಲ ಅಲ್ವಾ?" ಅಂತ ಕೇಳೋದು, ಇವೆಲ್ಲ ಹತ್ತು ನಿಮಿಷ ಸಮಾಧಾನ ಕೊಟ್ಟು ಹನ್ನೊಂದನೇ ನಿಮಿಷಕ್ಕೆ ಇನ್ನೊಂದು ಸಲ ನೋಡು ಅನ್ನುತ್ತೆ. ತುರಿಸ್ಕೊಂಡಷ್ಟೂ ಕೆರಳೋ ಗಾಯದ ಥರ. ಹುಡುಕೋ ಆಸೆ ಬಂದಾಗ ಒಂದೇ ಸಲಕ್ಕೆ ಬಿಡೋಕೆ ಹೋಗಬೇಡಿ. ಕಾಲು ಗಂಟೆ ಮುಂದೂಡಿ, ಬಂದ ಯೋಚನೆಯನ್ನ ಒಂದು ಸಾಲಲ್ಲಿ ಬರೆದಿಡಿ, ಹಗಲಲ್ಲಿ ಗೊತ್ತುಮಾಡಿದ ಹೊತ್ತಿಗೆ ಮಾತ್ರ ಅದನ್ನ ತೆಗೆದು ನೋಡಿ. ಪದೇ ಪದೇ ಪರೀಕ್ಷಿಸೋದನ್ನ ಪೂರ್ತಿ ಕಡಿಮೆ ಮಾಡಬೇಕು.

ರಾತ್ರಿಪಾಳಿ

ಇಲ್ಲೊಂದು ತಿದ್ದುಪಡಿ. ಮಗುವಿನ ಅಲುಗಾಟ ಆ "ಕಡಿಮೆ ಮಾಡಬೇಕಾದ" ಪಟ್ಟಿಯಲ್ಲಿ ಬರಬಾರದು. "ಇದು ಬರೀ ನನ್ನ ಆತಂಕ ಇರಬೇಕು" ಅಂತ ತಡ ಮಾಡಿ ಬಂದವರನ್ನ ನೋಡಿದೀನಿ.

ಕೇಳುವ ಕಿವಿ

ಒಪ್ಪಿದೆ, ನಾನು ಬಿಡಿಸಿ ಹೇಳಬೇಕಿತ್ತು. ಅಲುಗಾಟ ಬದಲಾಯ್ತು ಅನ್ನಿಸಿದ್ರೆ ಹೋಗೋದೇ. ಹತ್ತು ಸಲ ಹೋಗಿ ಹತ್ತು ಸಲವೂ ಎಲ್ಲ ಸರಿ ಇದ್ದು ಬಂದ್ರೂ ಹನ್ನೊಂದನೇ ಸಲ ಹೋಗಬಹುದು. ನಾನು ಹೇಳಿದ್ದು ರಾತ್ರಿಯೆಲ್ಲ ಕೂತು ಎಣಿಸೋದು, ಯಂತ್ರ ಹಚ್ಚೋದು, ಹುಡುಕೋದರ ಬಗ್ಗೆ.

ಯಾವಾಗ ಸಹಾಯ ಕೇಳಬೇಕು ಅಂತ ಓದ್ತಿರೋ ಉಳಿದವರಿಗೆ: ಎರಡು ವಾರದಿಂದ ಹೆಚ್ಚಿನ ದಿನ ಹೀಗೇ ಇದ್ರೆ, ನಿದ್ದೆ ಮತ್ತು ಊಟ ಕೆಟ್ಟಿದ್ರೆ, ಉಸಿರು ಕಟ್ಟಿದ ಹಾಗೆ ದಿಗಿಲು ಬರ್ತಿದ್ರೆ, ಚೆಕಪ್‌ಗೆ ಹೋಗೋದನ್ನೇ ತಪ್ಪಿಸ್ತಿದ್ರೆ. ಎಡಿನ್‌ಬರೋ ಪ್ರಶ್ನಾವಳಿ ಅಂತ 10 ಪ್ರಶ್ನೆಯದ್ದು ಒಂದಿದೆ, 1987ರಲ್ಲಿ ಬಾಣಂತಿಯರ ಖಿನ್ನತೆಗೆ ಅಂತ ಮಾಡಿದ್ದು, ಈಗ ಬಸುರಿಯರಿಗೂ ಬಳಸ್ತಾರೆ. ಅದರಲ್ಲಿ ಮೂರು ಪ್ರಶ್ನೆ ಆತಂಕದ್ದೇ. ಸಾಯಬೇಕು ಅನ್ನಿಸ್ತಿದ್ರೆ ಇಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ, ಅವತ್ತೇ ಪಕ್ಕದಲ್ಲಿರೋರಿಗೆ ಹೇಳಿ, ಅವತ್ತೇ ಡಾಕ್ಟರ ಹತ್ರ ಹೋಗಿ. ಮೊದಲಿಂದ ಆತಂಕಕ್ಕೋ ಖಿನ್ನತೆಗೋ ಮಾತ್ರೆ ತಗೊಳ್ತಿದ್ದವರು ಬಸಿರು ಅಂತ ಗೊತ್ತಾದ ತಕ್ಷಣ ತಾವೇ ನಿಲ್ಲಿಸಬೇಡಿ. ಬಸಿರಲ್ಲಿ ಬಳಸಬಹುದಾದ ಔಷಧಿಗಳಿವೆ, ಬರೆದುಕೊಟ್ಟವರನ್ನ ಕೇಳಿ ತೀರ್ಮಾನಿಸಿ.

ದಿನಾಂಕ ಗೊತ್ತಿದ್ದವಳು

ಇಷ್ಟು ದಿನ ಇಲ್ಲಿ ಓದಿ ಹೋಗ್ತಿದ್ದೆ ಅಷ್ಟೇ, ಇವತ್ತು ಬರೀತೀನಿ. ಕೇಳುವ ಕಿವಿ ಹೇಳಿದ ಆ 2000ನೇ ಇಸವಿಯ ಹೆಸರು ನನ್ನದು. ಹದಿಮೂರು ವರ್ಷದಲ್ಲಿ ಶಾಲೆಯಲ್ಲಿ ಹೆರಿಗೆಯ ವಿಡಿಯೋ ತೋರಿಸಿದಾಗ ತಲೆಸುತ್ತಿ ಬಿದ್ದವಳು. ಮದುವೆಯಾಗಿ ಆರು ವರ್ಷ, ಮಗು ಬೇಕು ಅಂತ ಅಳ್ತಾ, ಎರಡೆರಡು ಗರ್ಭನಿರೋಧಕ ಬಳಸ್ತಿದ್ದೆ. ಇದನ್ನ ಯಾರಿಗೆ ಹೇಳೋದು?

ಕೊನೆಗೆ ಬಸುರಿಯಾದಾಗ ಒಬ್ಬ ಡಾಕ್ಟರು ನಗಲಿಲ್ಲ. 33 ಪ್ರಶ್ನೆಗಳ ಒಂದು ಪಟ್ಟಿ ಕೊಟ್ರು, ಸ್ವೀಡನ್ನಿನಲ್ಲಿ ತಯಾರಾದ ವೈಮಾ ಪ್ರಶ್ನಾವಳಿ ಅಂತ. ಒಟ್ಟು ಅಂಕ 165, 85 ದಾಟಿದ್ರೆ ತೀವ್ರ ಭಯ. ನನ್ನದು 131. ಅಂಕ ನೋಡಿ ಅತ್ತುಬಿಟ್ಟೆ, ಸಮಾಧಾನದಿಂದ. ಅಲ್ಲಿವರೆಗೆ ಹುಚ್ಚು ಅಂದ್ಕೊಂಡಿದ್ದೆ.

ಏಳು ಸಲ ಕೌನ್ಸೆಲಿಂಗ್ ಆಯ್ತು. ಭಯ ಕಡಿಮೆಯಾಯ್ತು, ಹೋಗಲಿಲ್ಲ. ಕೊನೆಗೆ 39ನೇ ವಾರಕ್ಕೆ ದಿನ ಗೊತ್ತುಮಾಡಿ ಸಿಸೇರಿಯನ್ ಆಯ್ತು. ಅದೇ ಬೇಕು ಅಂತ ನಾನೇ ಕೇಳಿದ್ದು.

ನೇರ ಮಾತು

ಭಯಕ್ಕೆಲ್ಲ ಆಪರೇಷನ್ನಾ? ಹಾಗಾದ್ರೆ ಎಲ್ಲರೂ ಕೇಳ್ತಾರೆ.

ದಿನಾಂಕ ಗೊತ್ತಿದ್ದವಳು

ಎಲ್ಲರೂ ಕೇಳಲ್ಲ. ಹೊಟ್ಟೆ ಕೊಯ್ಸಿಕೊಳ್ಳೋದು ಸುಲಭದ ದಾರಿ ಅಂತ ಯಾರು ಹೇಳಿದ್ರು ನಿಮಗೆ? ಮೊದಲ ಸಲ ಹಾಸಿಗೆಯಿಂದ ಎದ್ದು ನಿಂತಾಗ ಕರುಳು ಕೆಳಗೆ ಬೀಳುತ್ತೇನೋ ಅನ್ನಿಸ್ತು. ಕೆಮ್ಮೋಕೆ ದಿಂಬು ಒತ್ತಿ ಹಿಡೀಬೇಕಿತ್ತು. ಮುಂದಿನ ಬಸಿರಲ್ಲಿ ಕಸ ಹಳೇ ಗಾಯಕ್ಕೆ ಅಂಟಿಕೊಳ್ಳೋ ಅಪಾಯ ಹೆಚ್ಚು, ಅದನ್ನ ಬರವಣಿಗೆಯಲ್ಲೇ ಕೊಟ್ಟು ಸಹಿ ಹಾಕಿಸಿಕೊಂಡ್ರು. ಎಲ್ಲ ತಿಳಿದೇ ಒಪ್ಪಿದ್ದು. ಚಿಕಿತ್ಸೆ ಹೇಗಿರಬೇಕು ಅಂತ ಹೇಳೋ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಓದಿ: ಹೆರಿಗೆ ಭಯದಿಂದ ಸಿಸೇರಿಯನ್ ಕೇಳಿದವರಿಗೆ ಮೊದಲು ಮಾನಸಿಕ ಆರೋಗ್ಯದ ನೆರವು ಕೊಡಿ, ಮಾತುಕತೆಯೆಲ್ಲ ಆದ ಮೇಲೂ ಅವರಿಗೆ ಅದೇ ಬೇಕಿದ್ರೆ ಮಾಡಿಕೊಡಿ ಅಂತಿದೆ.

ಕೇಳುವ ಕಿವಿ

ಇದರ ಇನ್ನೊಂದು ಬದಿಯನ್ನೂ ಹೇಳ್ತೀನಿ. ಫಿನ್‌ಲೆಂಡಿನಲ್ಲಿ ತೀವ್ರ ಭಯವಿದ್ದ ಚೊಚ್ಚಲ ಬಸುರಿಯರನ್ನ ಗುಂಪಾಗಿ ಕೂರಿಸಿ, ಬಸಿರಲ್ಲಿ ಆರು ಸಲ, ಹೆರಿಗೆ ಆದ ಮೇಲೆ ಒಂದು ಸಲ ಮಾತುಕತೆ ಮತ್ತು ಮೈ ಸಡಿಲಿಸೋ ಅಭ್ಯಾಸ ಮಾಡಿಸಿದ್ರು. ಆ ಗುಂಪಿಗೆ ಸೇರಿದವರಲ್ಲಿ ಶೇ 63ರಷ್ಟು ಜನರಿಗೆ ಸಹಜ ಹೆರಿಗೆ ಆಯ್ತು. ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ ಶೇ 48. ಅದು 2013ರಲ್ಲಿ ಪ್ರಕಟವಾಯ್ತು. ಕೂತು ಮಾತಾಡಿದ್ರೆ ಇಷ್ಟು ಆಗುತ್ತೆ. ಹಾಗೆ ಕೂರಿಸಿ ಮಾತಾಡಿಸೋ ವ್ಯವಸ್ಥೆಯೇ ಇಲ್ಲದ ಕಡೆ "ಭಯಪಡಬೇಡ" ಅನ್ನೋದೊಂದೇ ಉಳಿಯುತ್ತೆ.

ನಿದ್ದೆಗೆಟ್ಟವಳು

ಭಯ ಇದ್ರೆ ಹೆರಿಗೆಯೇ ಉದ್ದ ಆಗುತ್ತೆ ಅಂತಾರಲ್ಲ, ನಿಜಾನಾ?

ರಾತ್ರಿಪಾಳಿ

ಸ್ವಲ್ಪ ನಿಜ. ಭಯಪಟ್ಟರೆ ಮೈ ಬಿಗಿಯಾಗುತ್ತೆ, ಬಿಗಿಯಾದ್ರೆ ನೋವು ಹೆಚ್ಚುತ್ತೆ, ನೋವು ಹೆಚ್ಚಿದ್ರೆ ಮತ್ತೆ ಭಯ. ಈ ಚಕ್ರವನ್ನ ಗ್ರ್ಯಾಂಟ್ಲಿ ಡಿಕ್ ರೀಡ್ ಅನ್ನೋ ಇಂಗ್ಲಿಷ್ ವೈದ್ಯರು 1930ರ ದಶಕದಲ್ಲೇ ಹೇಳಿದ್ರು. ಆದ್ರೆ ಅಳೆದು ನೋಡಿದಾಗ ಎಷ್ಟು ಗೊತ್ತಾ? ನಾರ್ವೆಯಲ್ಲಿ 2,206 ಹೆರಿಗೆಗಳ ಲೆಕ್ಕ 2012ರಲ್ಲಿ ಬಂತು. ಬೇರೆ ಕಾರಣಗಳನ್ನೆಲ್ಲ ಕಳೆದ ಮೇಲೆ ಭಯವಿದ್ದವರಿಗೆ ಸರಾಸರಿ 47 ನಿಮಿಷ ಹೆಚ್ಚು. ಅವರಲ್ಲೂ ಬಹುಪಾಲು ಜನ ಅಂದುಕೊಂಡ ಹಾಗೇ ಹೆತ್ತರು. 47 ನಿಮಿಷ. ಅದಕ್ಕಾಗಿ ಈಗಿಂದಲೇ ನಿಮ್ಮನ್ನ ನೀವು ಬೈಕೋಬೇಡಿ.

ಕಾರಿಡಾರ್‌ನಲ್ಲಿ ನಿಂತವನು

ಗಂಡಸರು ಬರೀಬಹುದಾ ಇಲ್ಲಿ? ಮೊದಲ ಹೆರಿಗೆಗೆ ನನ್ನನ್ನ ಹೊರಗೇ ನಿಲ್ಲಿಸಿದ್ರು. ಎರಡನೇದಕ್ಕೆ ಬೇರೆ ಆಸ್ಪತ್ರೆ, ಒಳಗೆ ಬಿಟ್ರು. ಮೊದಲನೇ ಸಲ ಅವಳು ಭಯ ಅಂದಾಗಲೆಲ್ಲ ನಾನೂ "ಏನೂ ಆಗಲ್ಲ" ಅಂದವನೇ. ನಿಜ ಹೇಳಬೇಕಂದ್ರೆ ಅದು ನನಗೆ ನಾನೇ ಹೇಳ್ಕೊಳ್ತಿದ್ದದ್ದು. ನನಗೂ ಕೈ ನಡುಗ್ತಿತ್ತು.

ಎರಡನೇ ಸಲ ಮುಂಚೇನೇ ಕೂತು ಮಾತಾಡಿದ್ವಿ. ಅವಳು ಕೇಳಿದ್ದು ಇಷ್ಟೇ: ಸೊಂಟದ ಹಿಂದೆ ಅಂಗೈ ಒತ್ತಿ ಹಿಡೀಬೇಕು, ಮತ್ತೆ ನರ್ಸ್ ಹೇಳಿದ್ದು ಅವಳಿಗೆ ಕೇಳಿಸದೇ ಇದ್ರೆ ಕಿವಿಯಲ್ಲಿ ಇನ್ನೊಂದು ಸಲ ಹೇಳಬೇಕು. ನಾನು ಅತಿ ಬುದ್ಧಿವಂತ, ಫೋನಲ್ಲಿ ಆ್ಯಪ್ ಹಾಕ್ಕೊಂಡು ಒಂದೊಂದು ನೋವಿಗೂ "ಐವತ್ತೆಂಟು ಸೆಕೆಂಡ್! ನಾಲ್ಕು ನಿಮಿಷ ಗ್ಯಾಪ್!" ಅಂತ ಕೂಗ್ತಿದ್ದೆ. ಆರನೇದಕ್ಕೆ ಅವಳು, "ನಂಬರ್ ಹೇಳಬೇಡ, ಸೊಂಟ ಒತ್ತು" ಅಂತ ಗದರಿಸಿದ್ಲು. ಫೋನ್ ಜೇಬಿಗೆ ಹೋಯ್ತು.

ರಾತ್ರಿಪಾಳಿ

ಇವರು ಬರೆದದ್ದು ಬರೀ ಪ್ರೀತಿ ಮಾತಲ್ಲ. ಜೊತೆಗೊಬ್ಬರು ಕೊನೆವರೆಗೂ ಇದ್ರೆ ಏನಾಗುತ್ತೆ ಅಂತ 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪ್ರಯೋಗಗಳನ್ನ, ವೈದ್ಯ ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ ವಿಮರ್ಶೆ 2017ರಲ್ಲಿ ಒಟ್ಟು ಹಾಕಿತು: ಸಹಜ ಹೆರಿಗೆ ಹೆಚ್ಚು, ಹೆರಿಗೆಯ ಹೊತ್ತು ಕಡಿಮೆ, ಸಿಸೇರಿಯನ್ ಕಡಿಮೆ, ಕೆಟ್ಟ ಅನುಭವ ಆಯ್ತು ಅನ್ನೋರೂ ಕಡಿಮೆ. ಗಂಡನೇ ಆಗಬೇಕಿಲ್ಲ. ಅಮ್ಮ, ಅಕ್ಕ, ಗೆಳತಿ, ಯಾರ ಕೈ ಹಿಡಿದ್ರೆ ನಿಮ್ಮ ಉಸಿರು ನಿಧಾನ ಆಗುತ್ತೋ ಅವರು. ಆಸ್ಪತ್ರೆಯಲ್ಲಿ ಬಿಡ್ತಾರಾ ಅಂತ ಈಗಲೇ ಕೇಳಿ.

ಎಂಟು ವರ್ಷದ ಮೇಲೆ

ನನ್ನ ಹೆರಿಗೆ ಕಥೆ ಹೇಳಲ್ಲ, ಹೆದರಬೇಡಿ. ಬಸುರಿ ಕಂಡ ತಕ್ಷಣ ತಮ್ಮ ರಕ್ತಸಿಕ್ತ ಕಥೆ ಬಿಚ್ಚೋರನ್ನ ಕಂಡ್ರೆ ನನಗೂ ಆಗಲ್ಲ. ಒಂದೇ ಮಾತು. ಎಂಟು ವರ್ಷ ಆಗಿದೆ, ನೋವು ಎಷ್ಟಿತ್ತು ಅಂತ ನಿಜವಾಗ್ಲೂ ನೆನಪಿಲ್ಲ. ಇವತ್ತಿಗೂ ನೆನಪಿರೋದು, ಹೇಳದೆ ಕೇಳದೆ ಒಬ್ಬರಾದ ಮೇಲೆ ಒಬ್ಬರು ಕೈ ಒಳಗೆ ಹಾಕಿ ಪರೀಕ್ಷೆ ಮಾಡಿದ್ದು, ಮತ್ತೆ "ಅವಾಗ ಗೊತ್ತಾಗಲಿಲ್ವಾ?" ಅಂತ ಒಬ್ಬಳು ನಕ್ಕಿದ್ದು. ಎರಡನೇ ಬಸಿರಲ್ಲಿ ನನಗೆ ಭಯ ಬಂದದ್ದು ಹೆರಿಗೆಯದ್ದಲ್ಲ, ಆ ಕೋಣೆಯದ್ದು. ನಿಮ್ಮ ಪಟ್ಟಿಯಲ್ಲಿ "ಕೇಳಿ ಮುಟ್ಟಿ" ಅಂತ ಒಂದು ಸಾಲು ಸೇರಿಸಿ.

ಎರಡು ಮಕ್ಕಳ ಅಮ್ಮ

ಎಲ್ಲ ಓದಿದೆ. "ಎಲ್ಲ ಮರೆತುಹೋಗುತ್ತೆ" ಅಂತ ಬರೆದವಳು ನಾನೇ. ನನ್ನ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದು ನನಗೆ ಮರೆತಿಲ್ಲ. ಯಾಕೆ ಹಾಗೆ ಬರೆದೆನೋ. ನಮಗೆ ಹಾಗೇ ಹೇಳಿದ್ರು, ನಾವೂ ಹಾಗೇ ಹೇಳ್ತೀವಿ.

ನಿದ್ದೆಗೆಟ್ಟವಳು (ಮೂರು ವಾರದ ನಂತರ)

34ನೇ ವಾರ. ಹೋದ ಸಲ ಚೆಕಪ್‌ಗೆ ಕಾಗದ ತಗೊಂಡೇ ಹೋದೆ. ಡಾಕ್ಟರು ಮಾಮೂಲಿನ ಹಾಗೆ "ಎಲ್ಲ ಚೆನ್ನಾಗಿದೆ" ಅಂತ ಫೈಲ್ ಮುಚ್ಚೋಕೆ ಹೋದ್ರು. ಬಾಯಲ್ಲಿ ಹೇಳೋಕೆ ಹೋಗಿದ್ರೆ ಅಳು ಬರ್ತಿತ್ತು, ಅದಕ್ಕೆ "ಒಂದು ನಿಮಿಷ" ಅಂತ ಕಾಗದ ಬಿಚ್ಚಿ ಪರೀಕ್ಷೆಯಲ್ಲಿ ಉತ್ತರ ಓದೋ ಹಾಗೆ ಓದಿದೆ. ಎರಡನೇದು ಓದುವಾಗ ಅವರು ಪೆನ್ ಕೆಳಗಿಟ್ರು. ಪೂರ್ತಿ ಕೇಳಿದ್ರು. ಕೌನ್ಸೆಲರ್ ಹತ್ರ ಬರೆದುಕೊಟ್ಟಿದಾರೆ, ಎರಡು ಸಲ ಹೋಗಿ ಬಂದೆ. ಎಚ್ಚರ ಈಗಲೂ ಆಗುತ್ತೆ, ಎರಡರ ಬದಲು ನಾಲ್ಕಕ್ಕೆ.

ಡಾಪ್ಲರ್ ವಾಪಸ್ ಪ್ಯಾಕ್ ಮಾಡಿಟ್ಟೆ. ಒಂದು ರಾತ್ರಿ ಅಲುಗಾಟ ಕಡಿಮೆ ಅನ್ನಿಸಿ ಹನ್ನೊಂದೂವರೆಗೆ ಆಸ್ಪತ್ರೆಗೆ ಹೋದ್ವಿ. ಬೆಲ್ಟ್ ಕಟ್ಟಿ ಅರ್ಧ ಗಂಟೆ ಮಗುವಿನ ಎದೆಬಡಿತದ ಗೆರೆ ತೆಗೆದ್ರು, ಚೆನ್ನಾಗಿತ್ತು. ಯಾರೂ ಬೈಲಿಲ್ಲ. "ಮತ್ತೆ ಹೀಗನ್ನಿಸಿದ್ರೆ ಮತ್ತೆ ಬನ್ನಿ" ಅಂದ್ರು.

ಹೆರಿಗೆ ಕೋಣೆ ನೋಡ್ಕೊಂಡೂ ಬಂದೆ. ಬಾಗಿಲಲ್ಲಿ ಕಾಲು ಒಂದು ನಿಮಿಷ ಮುಂದಕ್ಕೇ ಹೋಗಲಿಲ್ಲ. ಒಳಗೆ ಹೋದ್ರೆ ಒಂದು ಮಂಚ, ಒಂದು ದೊಡ್ಡ ರಬ್ಬರ್ ಚೆಂಡು, ಒಂದು ಸಿಂಕು. ಮಂಚದ ನೇರ ಎದುರಿಗೆ ಗೋಡೆ ಗಡಿಯಾರ, ಸೆಕೆಂಡ್ ಮುಳ್ಳು ಟಕ್ ಟಕ್ ಅಂತ. ಅದನ್ನ ನೋಡ್ಕೊಂಡು ಹನ್ನೆರಡು ಗಂಟೆ ಮಲಗಬೇಕಾ ಅನ್ನಿಸ್ತು.

ಗಟ್ಟಿಗಿತ್ತಿ ಏನಲ್ಲ

ಮಕ್ಕೋಬ್ಯಾಡ್ರಿ, ಮಗ್ಗಲಾ ಬದಲಸ್ರಿ, ಎದ್ದ ನಿಂದರ್ರಿ, ಆ ಚೆಂಡಿನ ಮ್ಯಾಲೆ ಕುಂದರ್ರಿ. ಗಡಿಯಾರಕ್ಕ ಬೆನ್ನ ಮಾಡ್ರಿ!

ಕಾರಿಡಾರ್‌ನಲ್ಲಿ ನಿಂತವನು

ಟವೆಲ್ ಹೊದಿಸಿ ಅದಕ್ಕೆ. ನಿಮಗೆ ಅಭ್ಯಾಸ ಇದೆಯಲ್ಲ.

ನಿದ್ದೆಗೆಟ್ಟವಳು (37ನೇ ವಾರ)

ಬ್ಯಾಗಿನ ಮೇಲಿದ್ದ ಟವೆಲ್ ಈಗ ಬ್ಯಾಗಿನೊಳಗೆ ಹೋಗಿದೆ ಸರ್, ಅದೂ ಲಿಸ್ಟ್‌ನಲ್ಲಿತ್ತು.

ಇವತ್ತು ರಾತ್ರಿಪಾಳಿ ಅವರಿಗೊಂದು ಕೆಲಸ. ಆಸ್ಪತ್ರೆಯವರಿಗೆ ಕೊಡೋಕೆ ಒಂದು ಪುಟ ಬರೆದಿದೀನಿ, ನೋಡಿ ಹೇಳಿ. "ಒಳಗೆ ಪರೀಕ್ಷೆ ಮಾಡೋ ಮುಂಚೆ ಹೇಳಿ, ನಾನು ಸಾಕು ಅಂದ್ರೆ ನಿಲ್ಲಿಸಿ. ಎಷ್ಟು ಸೆಂಟಿಮೀಟರ್ ಆಗಿದೆ ಅಂತ ನಾನು ಕೇಳಿದ್ರೆ ಮಾತ್ರ ಹೇಳಿ. ಎಪಿಡ್ಯೂರಲ್ ಬೇಕಾಗಬಹುದು, ತಡ ಆಗೋ ಮುಂಚೆ ಒಂದು ಸಲ ನೆನಪಿಸಿ. ಸಿಸೇರಿಯನ್ ಮಾಡಲೇಬೇಕಾಗಿ ಬಂದ್ರೆ ಕಾರಣವನ್ನ ನನಗೇ ಹೇಳಿ, ಬರೀ ಮನೆಯವರಿಗಲ್ಲ. ಮುಕ್ಕೋವಾಗ ಬಿಸಿಬಟ್ಟೆ ಬೇಕು. ನಾನು ಕೂಗಾಡಿದರೆ ದಯವಿಟ್ಟು ಕ್ಷಮಿಸಿ."

ರಾತ್ರಿಪಾಳಿ

ಚೆನ್ನಾಗಿದೆ. ಎಪಿಡ್ಯೂರಲ್ ಬಗ್ಗೆ ಅರಿವಳಿಕೆ ಡಾಕ್ಟರು ರಾತ್ರಿ ಹೊತ್ತೂ ಇರ್ತಾರಾ ಅಂತ ಈ ವಾರವೇ ವಿಚಾರಿಸಿಡಿ, ಕಾಗದದಲ್ಲಿ ಬರೆದ್ರೆ ಸಾಲದು. ಜೊತೆಗೆ ಯಾರು ಇರ್ತಾರೆ ಅಂತ ಮೊದಲನೇ ಸಾಲಲ್ಲೇ ಹಾಕಿ. ಕೊನೇ ಸಾಲು ಹೊಡೆದು ಹಾಕಿ.

ನಿದ್ದೆಗೆಟ್ಟವಳು

ಕ್ಷಮಿಸಿ ಅನ್ನೋದಾ?

ರಾತ್ರಿಪಾಳಿ

ಹೂಂ. ಅದೇ.

ನಿದ್ದೆಗೆಟ್ಟವಳು

ಹೊಡೆದು ಹಾಕಿದೆ. ಎರಡು ಪ್ರತಿ ಪ್ರಿಂಟ್ ತೆಗೆಸ್ತೀನಿ, ಒಂದು ಫೈಲಿಗೆ, ಒಂದು ಬ್ಯಾಗಿನ ಹೊರಗಿನ ಜೇಬಿಗೆ.